ಹಾರ್ಮೋನ್ ಕೊಟ್ಟು ಹಾರ್ಮೋನ್ ನಿಲ್ಲಿಸುವ ಲೆಕ್ಕ

ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇದೆ, ಅದು ಮೂಳೆಗೂ ಹಬ್ಬಿದೆ ಎಂದು 2025ರ ಮೇ ತಿಂಗಳಲ್ಲಿ ಅವರ ಕಚೇರಿ ತಿಳಿಸಿತು. ಅದೇ ಪ್ರಕಟಣೆಯಲ್ಲಿ ಇನ್ನೊಂದು ಮಾತೂ ಇತ್ತು: ಕ್ಯಾನ್ಸರ್ ಉಗ್ರ ಸ್ವರೂಪದ್ದಾದರೂ ಹಾರ್ಮೋನ್‌ಗೆ ಸ್ಪಂದಿಸುವ ಬಗೆಯದು, ಹಾಗಾಗಿ ಹತೋಟಿಯಲ್ಲಿಡಬಹುದು. ಓದಿದವರು ತಲೆ ಕೆರೆದುಕೊಂಡರು. ಹಾರ್ಮೋನ್ ಉಂಡು ಬೆಳೆಯುವ ಗಡ್ಡೆಗೆ ಹಾರ್ಮೋನ್ ಚಿಕಿತ್ಸೆಯೇ? ಉರಿಯುವ ಒಲೆಗೆ ಇನ್ನಷ್ಟು ಸೌದೆ ತುರುಕಿದಂತೆ ಆಗುವುದಿಲ್ಲವೇ?

ಗೊಂದಲ ಇದೊಂದೇ ಅಲ್ಲ. ಮೆದುಳಿನ ಒಂದು ಹಾರ್ಮೋನನ್ನು ತಡೆದರೆ ಶ್ವಾಸಕೋಶದ ಗಡ್ಡೆ ಕುಗ್ಗುತ್ತದೆ ಎಂಬ ಸುದ್ದಿ ಒಂದು ವಾರ ಬರುತ್ತದೆ. ಅದೇ ಹಾರ್ಮೋನನ್ನು ಪ್ರಚೋದಿಸಿದರೂ ಗಡ್ಡೆ ಕುಗ್ಗುತ್ತದೆ ಎಂಬ ಸುದ್ದಿ ಮತ್ತೊಮ್ಮೆ ಬರುತ್ತದೆ. ಒತ್ತಡದ ಹಾರ್ಮೋನ್ ಉರಿಯೂತವನ್ನು ತಗ್ಗಿಸುತ್ತದೆ ಎಂದು ಒಬ್ಬರು ಬರೆದರೆ, ಹೆಚ್ಚಿಸುತ್ತದೆ ಎಂದು ಇನ್ನೊಬ್ಬರು ಬರೆಯುತ್ತಾರೆ. ಸೋಜಿಗವೆಂದರೆ ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಮೆದುಳಿನ ಹೈಪೋಥಲಾಮಸ್ ಎಂಬ ಭಾಗದ ಹಾರ್ಮೋನ್‌ಗಳಿಗೆ ‘ಹೆಚ್ಚಾದರೆ ಕೆಟ್ಟದ್ದು, ಕಡಿಮೆಯಾದರೆ ಒಳ್ಳೆಯದು’ ಎಂಬ ಸಕ್ಕರೆ ಕಾಯಿಲೆಯ ಲೆಕ್ಕ ಹೊಂದುವುದಿಲ್ಲ. ಅವು ಎಷ್ಟು ಬಂದವು ಎಂಬುದಕ್ಕಿಂತ ಹೇಗೆ ಬಂದವು, ದೇಹದ ಯಾವ ಮೂಲೆಯಲ್ಲಿ ಬಂದವು ಎಂಬುದರ ಮೇಲೆಯೇ ಎಲ್ಲ ನಿಂತಿದೆ.

ಕಸಾಯಿಖಾನೆಯಿಂದ ನೊಬೆಲ್‌ವರೆಗೆ

ಹೈಪೋಥಲಾಮಸ್ ಮೆದುಳಿನ ಬುಡದಲ್ಲಿರುವ ಬಾದಾಮಿ ಗಾತ್ರದ ಭಾಗ. ಹಸಿವು, ಬಾಯಾರಿಕೆ, ಮೈ ಬಿಸಿ, ನಿದ್ದೆ ಎಲ್ಲದರ ಮೇಲೂ ಇದರ ಕಣ್ಣು. ಕೆಳಗೇ ನೇತಾಡುವ ಪಿಟ್ಯುಟರಿ ಗ್ರಂಥಿಗೆ ಇದು ಅತಿ ಸಣ್ಣ ಪ್ರಮಾಣದ ರಾಸಾಯನಿಕ ಆದೇಶಗಳನ್ನು ಕಳಿಸುತ್ತದೆ. ಪಿಟ್ಯುಟರಿ ಆ ಆದೇಶವನ್ನು ದೊಡ್ಡದು ಮಾಡಿ ಥೈರಾಯ್ಡ್, ಅಡ್ರಿನಲ್, ವೃಷಣ, ಅಂಡಾಶಯಗಳಿಗೆ ದಾಟಿಸುತ್ತದೆ.

ಈ ಆದೇಶಗಳು ಎಷ್ಟು ಸಣ್ಣವೆಂದರೆ ಅವುಗಳನ್ನು ಹಿಡಿಯಲು ಇಬ್ಬರು ವಿಜ್ಞಾನಿಗಳು ಹತ್ತಾರು ವರ್ಷ ಕಸಾಯಿಖಾನೆಗಳ ಮೊರೆ ಹೋಗಬೇಕಾಯಿತು. ರೋಜರ್ ಗಿಲ್ಮಾ ಕುರಿಗಳ ಮೆದುಳಿನ ತುಣುಕುಗಳನ್ನು, ಆಂಡ್ರ್ಯೂ ಶಾಲಿ ಹಂದಿಗಳ ತುಣುಕುಗಳನ್ನು ಲಕ್ಷಗಟ್ಟಲೆ ತರಿಸಿ, ಅರೆದು, ಸೋಸಿ, ಕೊನೆಗೆ ಮಿಲಿಗ್ರಾಂ ಲೆಕ್ಕದಲ್ಲಿ ಹಾರ್ಮೋನ್ ಪಡೆದರು. ಮೊದಲು ಹ್ಯೂಸ್ಟನ್ನಿನಲ್ಲಿ ಒಟ್ಟಿಗೆ ಕೆಲಸ ಮಾಡಿದ್ದವರು 1962ರಲ್ಲಿ ಬೇರೆಯಾಗಿ ಪರಸ್ಪರ ಪೈಪೋಟಿಗೆ ಬಿದ್ದರು. 1977ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಇಬ್ಬರೂ, ರೊಸಾಲಿನ್ ಯಾಲೋ ಜೊತೆಗೆ, ಹಂಚಿಕೊಳ್ಳಬೇಕಾಯಿತು. ಇಬ್ಬರೂ ತೀರಿಕೊಂಡದ್ದು ಒಂದೇ ವರ್ಷ, 2024ರಲ್ಲಿ: ಗಿಲ್ಮಾ ನೂರು ದಾಟಿ, ಶಾಲಿ 97ರಲ್ಲಿ.

ಈ ಲೇಖನಕ್ಕೆ ಇಂಥ ಹಾರ್ಮೋನ್‌ಗಳ ಪಟ್ಟಿಯಿಂದ ನಾಲ್ಕು ಹೆಸರು ಸಾಕು. ಲೈಂಗಿಕ ಗ್ರಂಥಿಗಳನ್ನು ಎಬ್ಬಿಸುವ ಜಿಎನ್‌ಆರ್‌ಎಚ್. ಶಾಲಿ ತಂಡ 1971ರಲ್ಲಿ ಇದರ ರಚನೆ ಬಿಡಿಸಿತು, ಹತ್ತೇ ಅಮೈನೊ ಆಮ್ಲಗಳ ಸರ. ಬೆಳವಣಿಗೆ ಹಾರ್ಮೋನಿಗೆ ಲಗಾಮು ಹಾಕುವ ಸೊಮಾಟೊಸ್ಟಾಟಿನ್. 1973ರಲ್ಲಿ ಗಿಲ್ಮಾ ಪ್ರಯೋಗಾಲಯದ್ದು. ಅದೇ ಬೆಳವಣಿಗೆ ಹಾರ್ಮೋನನ್ನು ಹೊರಡಿಸುವ ಜಿಎಚ್‌ಆರ್‌ಎಚ್. ಒತ್ತಡದ ಸರಪಳಿಯ ಮೊದಲ ಕೊಂಡಿಯಾದ ಸಿಆರ್‌ಎಚ್; 1981ರಲ್ಲಿ ವೈಲಿ ವೇಲ್ ಇದನ್ನು ಕುರಿಯ ಮೆದುಳಿನಿಂದ ಬೇರ್ಪಡಿಸಿದರು.

ಕಾಲಿಂಗ್ ಬೆಲ್ ಒತ್ತಿ ಹಿಡಿದರೆ

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ವೃಷಣ ತಯಾರಿಸುವ ಗಂಡು ಹಾರ್ಮೋನ್ ಟೆಸ್ಟೊಸ್ಟಿರೋನೇ ಮೇವು ಎಂದು ತೋರಿಸಿದವರು ಚಾರ್ಲ್ಸ್ ಹಗಿನ್ಸ್. ವೃಷಣ ತೆಗೆದರೆ ರೋಗ ಹಿಮ್ಮೆಟ್ಟುತ್ತದೆ ಎಂದು 1941ರಲ್ಲಿ ಅವರು ವರದಿ ಮಾಡಿದರು. 1966ರಲ್ಲಿ ನೊಬೆಲ್ ಬಂತು. ಅಂಗ ಕತ್ತರಿಸದೆ ಇದನ್ನೇ ಸಾಧಿಸುವ ಬಗೆ ಯಾವುದು? ಉತ್ತರ ಸಿಕ್ಕಿದ್ದು ಯಾರೂ ನಿರೀಕ್ಷಿಸದ ದಿಕ್ಕಿನಿಂದ.

ಪಿಟ್ಸ್‌ಬರ್ಗ್‌ನಲ್ಲಿ ಅರ್ನ್‌ಸ್ಟ್ ನೋಬಿಲ್ ಅವರ ತಂಡ ಕೋತಿಗಳ ಮೇಲೆ ಮಾಡಿದ ಪ್ರಯೋಗ 1978ರಲ್ಲಿ ಪ್ರಕಟವಾಯಿತು. ಹೈಪೋಥಲಾಮಸ್‌ನ ಆದೇಶ ನಿಂತುಹೋಗಿದ್ದ ಕೋತಿಗಳಿಗೆ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಜಿಎನ್‌ಆರ್‌ಎಚ್ ಕೊಟ್ಟಾಗ ಪಿಟ್ಯುಟರಿ ಎಚ್ಚೆತ್ತು ಕೆಲಸಕ್ಕೆ ತೊಡಗಿತು. ಅದೇ ಹಾರ್ಮೋನನ್ನು ಬಿಡುವಿಲ್ಲದೆ ಹರಿಸಿದಾಗ ಪಿಟ್ಯುಟರಿ ಮುಷ್ಕರ ಹೂಡಿತು. ಕಾಲಿಂಗ್ ಬೆಲ್‌ನಂತೆಯೇ ಇದು. ಆಗಾಗ ಒತ್ತಿದರೆ ಮನೆಯವರು ಎದ್ದು ಬಂದು ಬಾಗಿಲು ತೆಗೆಯುತ್ತಾರೆ. ಬೆರಳು ತೆಗೆಯದೆ ಒತ್ತಿ ಹಿಡಿದರೆ ಒಳಗಿಂದ ವೈರನ್ನೇ ಕಿತ್ತು ಹಾಕುತ್ತಾರೆ. ಪಿಟ್ಯುಟರಿಯ ಜೀವಕೋಶಗಳು ಮಾಡುವುದೂ ಅದನ್ನೇ: ಹೊರಮೈಯಲ್ಲಿರುವ, ಹಾರ್ಮೋನ್ ಬಂದು ಕೂರುವ ಜಿಎನ್‌ಆರ್‌ಎಚ್ ರಿಸೆಪ್ಟರ್‌ಗಳನ್ನು ಒಳಕ್ಕೆ ಎಳೆದುಕೊಂಡು ಕಿವುಡಾಗುತ್ತವೆ.

ಈ ಕಿವುಡನ್ನೇ ಚಿಕಿತ್ಸೆ ಮಾಡಿಕೊಂಡದ್ದು ಲ್ಯುಪ್ರೊಲೈಡ್, ಗೊಸೆರೆಲಿನ್‌ನಂಥ ಔಷಧಗಳು. ಲ್ಯುಪ್ರೊಲೈಡ್‌ಗೆ ಅಮೆರಿಕದಲ್ಲಿ 1985ರಲ್ಲಿ ಒಪ್ಪಿಗೆ ಸಿಕ್ಕಿತು. ಗೊಸೆರೆಲಿನ್ ಅಕ್ಕಿಕಾಳಿನಷ್ಟು ಚಿಕ್ಕ ಕಡ್ಡಿ. ಹೊಟ್ಟೆಯ ಚರ್ಮದಡಿ ಸೂಜಿಯಿಂದ ಇಳಿಸುತ್ತಾರೆ, 3.6 ಮಿಲಿಗ್ರಾಂನದು 28 ದಿನ, 10.8 ಮಿಲಿಗ್ರಾಂನದು 12 ವಾರ ಕರಗುತ್ತಾ ಔಷಧ ಬಿಡುತ್ತದೆ. ಪಿಟ್ಯುಟರಿಗೆ ಆದೇಶ ಕೇಳಿಸುವುದು ನಿಲ್ಲುತ್ತದೆ, ವೃಷಣಕ್ಕೆ ಕೆಲಸ ಇಲ್ಲವಾಗುತ್ತದೆ, ಮೂರು ನಾಲ್ಕು ವಾರದಲ್ಲಿ ಟೆಸ್ಟೊಸ್ಟಿರೋನ್ ವೃಷಣ ತೆಗೆದವರ ಮಟ್ಟಕ್ಕೆ ಇಳಿಯುತ್ತದೆ. ಬೈಡನ್ ಸುದ್ದಿಯಲ್ಲಿದ್ದ ‘ಹಾರ್ಮೋನ್‌ಗೆ ಸ್ಪಂದಿಸುವ’ ಎಂಬ ಮಾತಿನ ಅರ್ಥ ಇಷ್ಟೇ: ಮೇವು ನಿಲ್ಲಿಸಿದರೆ ಸೊರಗುವ ಗಡ್ಡೆ.

ಆದರೆ ವೈರ್ ಕೀಳುವ ಮುಂಚೆ ಬೆಲ್ ಜೋರಾಗಿ ಬಡಿದುಕೊಳ್ಳುತ್ತದಲ್ಲ! ಮೊದಲ ಒಂದೆರಡು ವಾರ ಟೆಸ್ಟೊಸ್ಟಿರೋನ್ ಇಳಿಯುವ ಬದಲು ಏರುತ್ತದೆ. ಬೆನ್ನುಮೂಳೆಗೆ ಕ್ಯಾನ್ಸರ್ ಹಬ್ಬಿದವರಲ್ಲಿ ಈ ಏರಿಕೆ ಅಪಾಯಕಾರಿ. ಗಡ್ಡೆ ಊದಿ ಬೆನ್ನುಹುರಿಯನ್ನು ಒತ್ತಿದರೆ ಕಾಲಿನ ಬಲವೇ ಹೋಗಬಹುದು. ಅದಕ್ಕೇ ಆರಂಭದಲ್ಲಿ ಬೈಕಾಲ್ಯುಟಮೈಡ್‌ನಂಥ ಮಾತ್ರೆಯನ್ನೂ ಕೊಡುತ್ತಾರೆ. ಟೆಸ್ಟೊಸ್ಟಿರೋನ್ ಏರಿದರೂ ಗಡ್ಡೆಗೆ ಅದು ದಕ್ಕದಂತೆ ಈ ಮಾತ್ರೆ ಅಡ್ಡ ನಿಲ್ಲುತ್ತದೆ. ಇಂಜೆಕ್ಷನ್ ತಾನೇ, ಮಾತ್ರೆ ಯಾಕೆ ಎಂದು ಕೇಳುವ ರೋಗಿಗಳ ಮನೆಯವರಿಗೆ ಈ ಹದಿನೈದು ದಿನದ ಕಥೆಯನ್ನು ಬಿಡಿಸಿ ಹೇಳುವವರು ಕಡಿಮೆ.

ಹೃದಯದ ತಕರಾರು

ಬೆಲ್ ಬಾರಿಸದೆ ನೇರವಾಗಿ ವೈರನ್ನೇ ಕೀಳುವ ಔಷಧಗಳು ಆಮೇಲೆ ಬಂದವು: 2008ರಲ್ಲಿ ಡೆಗಾರೆಲಿಕ್ಸ್ ಇಂಜೆಕ್ಷನ್, 2020ರ ಡಿಸೆಂಬರ್‌ನಲ್ಲಿ ರೆಲುಗೊಲಿಕ್ಸ್ ಮಾತ್ರೆ. ಇವು ರಿಸೆಪ್ಟರನ್ನು ಮೊದಲ ದಿನದಿಂದಲೇ ಮುಚ್ಚುತ್ತವೆ. ಏರಿಕೆಯ ಭಯವಿಲ್ಲ, ಇಳಿಕೆ ಕೆಲವೇ ದಿನಗಳಲ್ಲಿ. ಇಷ್ಟರ ಮಟ್ಟಿಗೆ ಯಾರದೂ ತಕರಾರಿಲ್ಲ.

ತಕರಾರು ಹೃದಯದ ಬಗ್ಗೆ. ಟೆಸ್ಟೊಸ್ಟಿರೋನ್ ಇಳಿಸಿದರೆ ಮೈಮೇಲೆ ಬಿಸಿ ಹಬೆ ಹಾಯ್ದಂತಾಗುವುದು, ಮೂಳೆ ಟೊಳ್ಳಾಗುವುದು, ಮಾಂಸಖಂಡ ಕರಗಿ ಬೊಜ್ಜು ಸೇರುವುದು, ಸಕ್ಕರೆ ಏರುವುದು ಎಲ್ಲ ಇದ್ದದ್ದೇ. ಇವುಗಳ ಜೊತೆಗೆ ಹೃದಯಾಘಾತದ ಆತಂಕವೂ ಇದೆ. ರೆಲುಗೊಲಿಕ್ಸ್ ಪರೀಕ್ಷೆಯಲ್ಲಿ 930 ರೋಗಿಗಳಿದ್ದರು. ಹೃದಯಾಘಾತ, ಪಾರ್ಶ್ವವಾಯು, ಸಾವು ಸೇರಿಸಿದ ಗಂಭೀರ ಘಟನೆಗಳು ಹೊಸ ಮಾತ್ರೆ ಪಡೆದವರಲ್ಲಿ 2.9 ಶೇಕಡಾ, ಲ್ಯುಪ್ರೊಲೈಡ್ ಪಡೆದವರಲ್ಲಿ 6.2 ಶೇಕಡಾ. ‘ಹೃದಯಕ್ಕೆ ಸುರಕ್ಷಿತ’ ಎಂಬ ಮಾತು ಹುಟ್ಟಿದ್ದು ಹೀಗೆ.

ಮರುವರ್ಷ ಇನ್ನೊಂದು ಪರೀಕ್ಷೆಯ ಫಲಿತಾಂಶ ಬಂತು. ಹೃದ್ರೋಗ ಮೊದಲೇ ಇದ್ದ 545 ಗಂಡಸರಲ್ಲಿ ಡೆಗಾರೆಲಿಕ್ಸ್ ಮತ್ತು ಲ್ಯುಪ್ರೊಲೈಡ್ ಹೋಲಿಸಿದರು. ಒಂದು ವರ್ಷದಲ್ಲಿ ಅಂಥ ಘಟನೆಗಳು ಕ್ರಮವಾಗಿ 5.5 ಮತ್ತು 4.1 ಶೇಕಡಾ, ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಈಗ ಯಾವುದನ್ನು ನಂಬುವುದು? ಮೊದಲ ಪರೀಕ್ಷೆಯ ಮುಖ್ಯ ಗುರಿ ಟೆಸ್ಟೊಸ್ಟಿರೋನ್ ಆಗಿತ್ತು, ಹೃದಯದ ಲೆಕ್ಕ ಅದರ ಪಕ್ಕದಲ್ಲಿ ಬಂದದ್ದು. ಎರಡನೆಯದು ಹೃದಯವನ್ನೇ ಗುರಿಯಾಗಿಟ್ಟುಕೊಂಡಿತ್ತು, ಆದರೆ ಬೇಕಾದಷ್ಟು ರೋಗಿಗಳು ಸೇರದೆ ಅರ್ಧಕ್ಕೆ ನಿಂತಿತು. ಒಂದಕ್ಕೆ ಪ್ರಶ್ನೆ ಬೇರೆ, ಇನ್ನೊಂದಕ್ಕೆ ಸಂಖ್ಯೆ ಸಾಲದು. ಹೊಸ ಔಷಧ ಹೃದಯ ಕಾಯುತ್ತದೆ ಎಂದು ಖಚಿತವಾಗಿ ಹೇಳುವವರು ಈ ಎರಡನೆಯ ಪರೀಕ್ಷೆಯನ್ನು ಮರೆಮಾಚುತ್ತಿದ್ದಾರೆ ಎಂದೇ ತಿಳಿಯಬೇಕು.

ವಿಳಾಸ ಹಿಡಿದು ಹೋಗುವ ಮದ್ದು

2018ರಲ್ಲಿ ನಟ ಇರ್ಫಾನ್ ಖಾನ್ ತಮಗೆ ನ್ಯೂರೊಎಂಡೊಕ್ರೈನ್ ಗಡ್ಡೆ ಇದೆ ಎಂದು ಹೇಳಿಕೊಂಡಾಗ ‘ನ್ಯೂರೊ’ ಎಂಬುದನ್ನು ಕೇಳಿ ಮೆದುಳಿನ ಗಡ್ಡೆ ಎಂದುಕೊಂಡವರು ಬಹಳ. ಈ ಗಡ್ಡೆಗಳು ಹೆಚ್ಚಾಗಿ ಕಾಣಿಸುವುದು ಕರುಳು, ಮೇದೋಜೀರಕ ಗ್ರಂಥಿ, ಶ್ವಾಸಕೋಶಗಳಲ್ಲಿ. ಮೆದುಳಿನೊಂದಿಗೆ ಇವುಗಳಿಗಿರುವ ನಂಟು ಬೇರೆ: ಬಹುಪಾಲು ಗಡ್ಡೆಗಳ ಮೈಮೇಲೆ ಸೊಮಾಟೊಸ್ಟಾಟಿನ್ ಹಿಡಿಯುವ ರಿಸೆಪ್ಟರ್‌ಗಳು ದಟ್ಟವಾಗಿರುತ್ತವೆ.

ಸೊಮಾಟೊಸ್ಟಾಟಿನ್ ರಕ್ತದಲ್ಲಿ ಎರಡು ಮೂರು ನಿಮಿಷ ಬಾಳಿದರೆ ಹೆಚ್ಚು. ಅದರ 14 ಅಮೈನೊ ಆಮ್ಲಗಳನ್ನು ಎಂಟಕ್ಕೆ ಮೊಟಕುಗೊಳಿಸಿ ಗಟ್ಟಿ ಮಾಡಿದ್ದೇ ಆಕ್ಟ್ರಿಯೊಟೈಡ್. ಕರುಳಿನ ನ್ಯೂರೊಎಂಡೊಕ್ರೈನ್ ಗಡ್ಡೆಯವರಲ್ಲಿ ರೋಗ ಮುಂದುವರಿಯಲು ಸಾಮಾನ್ಯವಾಗಿ 6 ತಿಂಗಳು ಹಿಡಿದರೆ, ಆಕ್ಟ್ರಿಯೊಟೈಡ್ ಪಡೆದವರಲ್ಲಿ 14.3 ತಿಂಗಳು ಹಿಡಿಯಿತು ಎಂದು 2009ರ ಜರ್ಮನ್ ಅಧ್ಯಯನ ತೋರಿಸಿತು. ಬಳಿಕ ಬಂದದ್ದು ಇನ್ನೂ ಜಾಣ ಉಪಾಯ. ಇದೇ ಸರಕ್ಕೆ ಲುಟೇಷಿಯಂ-177 ಎಂಬ ವಿಕಿರಣ ಸೂಸುವ ಧಾತುವನ್ನು ಕಟ್ಟಿ ರಕ್ತಕ್ಕೆ ಬಿಟ್ಟರೆ ಹಾರ್ಮೋನ್ ವಿಳಾಸ ಹುಡುಕುತ್ತದೆ, ವಿಕಿರಣ ಆ ಮನೆಯನ್ನು ಸುಡುತ್ತದೆ. ಈ ವಿಕಿರಣ ಒಂದೆರಡು ಮಿಲಿಮೀಟರ್‌ಗಿಂತ ದೂರ ಹೋಗುವುದಿಲ್ಲವಾದ್ದರಿಂದ ನೆರೆಮನೆಗೆ ಹಾನಿ ಕಡಿಮೆ. 229 ರೋಗಿಗಳ ಮೇಲಿನ ಪರೀಕ್ಷೆ 2017ರಲ್ಲಿ ಪ್ರಕಟವಾಯಿತು: 20 ತಿಂಗಳ ಹೊತ್ತಿಗೆ ರೋಗ ಮುಂದುವರಿಯದೆ ಉಳಿದವರು ಲುಟೇಷಿಯಂ ಗುಂಪಿನಲ್ಲಿ 65 ಶೇಕಡಾ, ಬರೀ ಆಕ್ಟ್ರಿಯೊಟೈಡ್ ಗುಂಪಿನಲ್ಲಿ 11 ಶೇಕಡಾ. ಭಾರತಕ್ಕೆ ಇದು ಪರದೇಶದ ಸರಕೂ ಅಲ್ಲ. ಭಾಭಾ ಅಣು ಸಂಶೋಧನಾ ಕೇಂದ್ರದ ಧ್ರುವ ರಿಯಾಕ್ಟರ್‌ನಲ್ಲಿ ಲುಟೇಷಿಯಂ-177 ತಯಾರಾಗುತ್ತದೆ. ಆರೂಮುಕ್ಕಾಲು ದಿನದೊಳಗೆ ಅದರ ಅರ್ಧ ಶಕ್ತಿ ಇಳಿದುಹೋಗುವುದರಿಂದ ರೋಗಿಯ ತಾರೀಖು ಗೊತ್ತು ಮಾಡಿಕೊಂಡೇ ತರಿಸಬೇಕು.

ಇದೇ ಉಪಾಯ ಇನ್ನೊಂದು ಕಡೆ ಮಕಾಡೆ ಬಿತ್ತು. ಶಾಲಿ ಜಿಎನ್‌ಆರ್‌ಎಚ್‌ನ ಸರಕ್ಕೆ ಡಾಕ್ಸೊರುಬಿಸಿನ್ ಎಂಬ ಕೀಮೊ ಔಷಧವನ್ನು ಕಟ್ಟಿದ್ದರು. ಗರ್ಭಕೋಶದ ಒಳಪದರದ ಕ್ಯಾನ್ಸರ್‌ಗಳ ಮೈಮೇಲೂ ಜಿಎನ್‌ಆರ್‌ಎಚ್ ರಿಸೆಪ್ಟರ್ ಇದೆ, ಮದ್ದು ಅಲ್ಲಿಗೇ ಹೋಗುತ್ತದೆ ಎಂಬುದು ಲೆಕ್ಕ. ಇಲಿಗಳಲ್ಲಿ ಚೆನ್ನಾಗಿ ನಡೆಯಿತು. ಐನೂರಕ್ಕೂ ಹೆಚ್ಚು ಮಹಿಳೆಯರ ಮೇಲಿನ ಕೊನೆಯ ಹಂತದ ಪರೀಕ್ಷೆಯ ಫಲಿತಾಂಶ 2017ರಲ್ಲಿ ಬಂದಾಗ ಸಾದಾ ಡಾಕ್ಸೊರುಬಿಸಿನ್ ಪಡೆದವರಿಗಿಂತ ಇವರು ಹೆಚ್ಚು ಕಾಲ ಬದುಕಿರಲಿಲ್ಲ. ಒಂದೇ ವರ್ಷ, ಒಂದೇ ಉಪಾಯ, ಎರಡು ಹಣೆಬರಹ. ಸೊಮಾಟೊಸ್ಟಾಟಿನ್ ವಿಷಯದಲ್ಲಿ ಒಂದು ಅನುಕೂಲವಿತ್ತು: ರಿಸೆಪ್ಟರ್ ಎಷ್ಟು ದಟ್ಟವಾಗಿದೆ ಎಂಬುದನ್ನು ಮೊದಲೇ ಸ್ಕ್ಯಾನ್ ಮಾಡಿ ಕಣ್ಣಾರೆ ನೋಡಿ, ಬೆಳಗಿದವರಿಗಷ್ಟೇ ಮದ್ದು ಕೊಡಬಹುದು.

ಉರಿಯೂತದಲ್ಲಿ ಎರಡು ನಾಲಿಗೆ

ಈಗ ಸಿಆರ್‌ಎಚ್ ಕಡೆಗೆ. ಜ್ವರ, ಗಾಯ, ಭಯ, ಸೋಂಕು ಯಾವುದೇ ಬಂದರೂ ಹೈಪೋಥಲಾಮಸ್ ಸಿಆರ್‌ಎಚ್ ಬಿಡುತ್ತದೆ, ಪಿಟ್ಯುಟರಿ ಎಸಿಟಿಎಚ್ ಬಿಡುತ್ತದೆ, ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಬಿಡುತ್ತದೆ. ಕಾರ್ಟಿಸಾಲ್ ಉರಿಯೂತಕ್ಕೆ ನೀರೆರಚುತ್ತದೆ. 1948ರಲ್ಲಿ ಫಿಲಿಪ್ ಹೆಂಚ್ ಕಾರ್ಟಿಸಾಲ್‌ನ ಸೋದರನಂತಿರುವ ಕಾರ್ಟಿಸೋನನ್ನು ಕೀಲುವಾತದ ರೋಗಿಗೆ ಕೊಟ್ಟಾಗ ಕೆಲವೇ ದಿನಗಳಲ್ಲಿ ಎದ್ದು ಓಡಾಡುವಂತಾದದ್ದು ವೈದ್ಯಕೀಯದ ದಂತಕಥೆ. ಇಂದು ನಾವು ‘ಸ್ಟಿರಾಯ್ಡ್’ ಎಂದು ನುಂಗುವ ಗುಳಿಗೆಗಳ ವಂಶ ಅದೇ.

ಹಾಗಾದರೆ ಹೈಪೋಥಲಾಮಸ್ ಮಂದವಾದವರಿಗೆ ಉರಿಯೂತ ಹೆಚ್ಚಬೇಕು. 1989ರಲ್ಲಿ ಎಸ್ತರ್ ಸ್ಟರ್ನ್‌ಬರ್ಗ್ ಮತ್ತು ಸಂಗಡಿಗರು ಇದನ್ನು ಎರಡು ತಳಿಯ ಇಲಿಗಳಲ್ಲಿ ತೋರಿಸಿದರು. ಬ್ಯಾಕ್ಟೀರಿಯಾದ ಕೋಶಭಿತ್ತಿಯ ತುಣುಕು ಚುಚ್ಚಿದಾಗ ಲೂಯಿಸ್ ತಳಿಯ ಇಲಿಗಳ ಕೀಲು ಊದುತ್ತದೆ, ಫಿಷರ್ ತಳಿಯವಕ್ಕೆ ಏನೂ ಆಗುವುದಿಲ್ಲ. ಲೂಯಿಸ್ ಇಲಿಗಳ ಸಿಆರ್‌ಎಚ್ ಸಾಲು ನಿಧಾನ ಎಂಬುದು ಕಾರಣ. ಗಟ್ಟಿಯಾಗಿದ್ದ ಫಿಷರ್ ಇಲಿಗಳಲ್ಲಿ ಕಾರ್ಟಿಸಾಲ್ ಮಾದರಿಯ ಹಾರ್ಮೋನ್ ಕೆಲಸ ಮಾಡದಂತೆ ತಡೆದಾಗ ಅವೂ ಉರಿಯೂತಕ್ಕೆ ತುತ್ತಾದವು.

ಎರಡೇ ವರ್ಷಕ್ಕೆ ಕಥೆ ತಿರುಗಿತು. ಕೀಲು, ಚರ್ಮದಂಥ ಉರಿಯೂತದ ಜಾಗದಲ್ಲಿ ಅಲ್ಲಿನ ಜೀವಕೋಶಗಳೇ ಸಿಆರ್‌ಎಚ್ ತಯಾರಿಸುತ್ತವೆ. ಅದನ್ನು ಪ್ರತಿಕಾಯದಿಂದ ತಡೆದರೆ ಇಲಿಗಳ ಉರಿಯೂತ ಇಳಿಯುತ್ತದೆ ಎಂದು 1991ರಲ್ಲಿ ಪ್ರಕಟವಾಯಿತು. ಕೀಲುವಾತ ರೋಗಿಗಳ ಕೀಲಿನಲ್ಲೂ ಅದು ಸಿಕ್ಕಿತು. ಅಂದರೆ ಮೆದುಳಿನಿಂದ ಹೊರಟ ಸಿಆರ್‌ಎಚ್ ಬೆಂಕಿ ಆರಿಸುತ್ತದೆ, ಕೀಲಿನಲ್ಲೇ ಹುಟ್ಟಿದ ಸಿಆರ್‌ಎಚ್ ಬೆಂಕಿಗೆ ತುಪ್ಪ ಸುರಿಯುತ್ತದೆ. ಹೀಗಿರುವಾಗ ಅದನ್ನು ಮೈಯಿಡೀ ತಡೆಯುವ ಮಾತ್ರೆ ಏನು ಮಾಡೀತು? ಎರಡನ್ನೂ ತಡೆದು ಲಾಭ ನಷ್ಟ ಸರಿಸಮ ಮಾಡಬಹುದು. ಸಿಆರ್‌ಎಚ್ ತಡೆಯುವ ಮಾತ್ರೆಗಳನ್ನು ಖಿನ್ನತೆಗೂ ಕರುಳು ಕೆರಳುವ ತೊಂದರೆಗೂ ಪರೀಕ್ಷಿಸಿದಾಗ ನಿರೀಕ್ಷೆ ಹುಸಿಯಾಯಿತು. 2024ರ ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿದ ಕ್ರೈನೆಸರ್‌ಫಾಂಟ್ ಈ ಬಗೆಯ ಮೊದಲ ಔಷಧ. ಅದೂ ಹುಟ್ಟಿನಿಂದ ಬರುವ ಒಂದು ಅಡ್ರಿನಲ್ ದೋಷಕ್ಕೆ, ಉರಿಯೂತಕ್ಕಲ್ಲ.

ಈ ಸರಪಳಿ ಗೊತ್ತಿಲ್ಲದೆ ನಮ್ಮಲ್ಲಿ ದಿನವೂ ಆಗುವ ಅನಾಹುತ ಒಂದಿದೆ. ಮಂಡಿನೋವಿಗೆ, ಉಬ್ಬಸಕ್ಕೆ ಯಾರೋ ಕೊಟ್ಟ ಸ್ಟಿರಾಯ್ಡ್ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗುತ್ತಾರೆ. ಹೊರಗಿಂದ ಸಮೃದ್ಧವಾಗಿ ಬರುತ್ತಿರುವುದನ್ನು ನೋಡಿ ಹೈಪೋಥಲಾಮಸ್ ಸಿಆರ್‌ಎಚ್ ನಿಲ್ಲಿಸುತ್ತದೆ, ಅಡ್ರಿನಲ್ ಸೊರಗುತ್ತದೆ. ‘ಸ್ಟಿರಾಯ್ಡ್ ಕೆಟ್ಟದ್ದಂತೆ’ ಎಂದು ಒಂದು ದಿನ ತಟ್ಟನೆ ಬಿಡುತ್ತಾರೆ. ಒಳಗಿನ ಕಾರ್ಖಾನೆ ಮುಚ್ಚಿದೆ, ಹೊರಗಿನ ಪೂರೈಕೆ ನಿಂತಿದೆ. ಸುಸ್ತು, ವಾಂತಿ, ರಕ್ತದೊತ್ತಡ ಕುಸಿತ, ಜೀವಕ್ಕೇ ಅಪಾಯ. ವೈದ್ಯರು ಡೋಸನ್ನು ಮೆಟ್ಟಿಲಿಳಿದಂತೆ ಇಳಿಸುವುದು ಆ ಕಾರ್ಖಾನೆ ಮತ್ತೆ ಬಾಗಿಲು ತೆರೆಯಲಿ ಎಂದು.

ಇಲಿಯಲ್ಲೇ ಉಳಿದ ಗೆಲುವು

ಸುದ್ದಿಗಳಲ್ಲಿ ಅತಿ ಹೆಚ್ಚು ಗೊಂದಲ ಎಬ್ಬಿಸುವುದು ಜಿಎಚ್‌ಆರ್‌ಎಚ್. ಹೈಪೋಥಲಾಮಸ್‌ನ ಈ ಹಾರ್ಮೋನ್ 1982ರಲ್ಲಿ ಕೊನೆಗೂ ಸಿಕ್ಕಿದ್ದು ಹೈಪೋಥಲಾಮಸ್‌ನಲ್ಲಿ ಅಲ್ಲ, ಮೇದೋಜೀರಕ ಗ್ರಂಥಿಯ ಗಡ್ಡೆಯಲ್ಲಿ! ಕೈಕಾಲು, ದವಡೆ ದಪ್ಪವಾಗುತ್ತಿದ್ದ ರೋಗಿಗಳ ಗಡ್ಡೆ ಅದನ್ನು ಧಾರಾಳವಾಗಿ ತಯಾರಿಸುತ್ತಿತ್ತು. ಗಡ್ಡೆಗಳು ಈ ಹಾರ್ಮೋನನ್ನು ತಮಗಾಗಿಯೇ ತಯಾರಿಸಿಕೊಂಡು ಬೆಳೆಯಬಹುದು ಎಂಬ ಊಹೆಗೆ ಬೀಜ ಬಿದ್ದದ್ದು ಹೀಗೆ.

ಶಾಲಿ ಜೀವನದ ಕೊನೆಯ ದಶಕಗಳನ್ನು ಮಯಾಮಿಯಲ್ಲಿ ಇದಕ್ಕೇ ಮೀಸಲಿಟ್ಟರು. ಎಂಐಎ-602ರಂಥ ತಡೆ ಔಷಧಗಳು ಪ್ರಾಸ್ಟೇಟ್, ಶ್ವಾಸಕೋಶ, ಸ್ತನದ ಮಾನವ ಗಡ್ಡೆಗಳನ್ನು ಇಲಿಯ ಮೈಯಲ್ಲಿ ಕುಗ್ಗಿಸಿದವು. ಶ್ವಾಸಕೋಶದ ಉರಿಯೂತ, ಸಾರ್ಕಾಯ್ಡೋಸಿಸ್‌ನ ಗಂಟುಗಳ ಮಾದರಿಗಳಲ್ಲೂ ಉರಿಯೂತ ಇಳಿಯಿತು. (ಕ್ಷಯ ಎಂದು ತಪ್ಪಾಗಿ ತಿಳಿದು ನಮ್ಮಲ್ಲಿ ಎಷ್ಟೋ ಸಲ ಚಿಕಿತ್ಸೆ ಕೊಡುವ ರೋಗ ಈ ಸಾರ್ಕಾಯ್ಡೋಸಿಸ್.) ಇತ್ತ 2018ರಲ್ಲಿ ಅದೇ ತಂಡ ಪ್ರಚೋದಕ ಔಷಧವೂ ಇಲಿಯ ಮೈಯಲ್ಲಿ ಬೆಳೆಸಿದ ಮಾನವ ಗಡ್ಡೆಗಳನ್ನು ಕುಗ್ಗಿಸುತ್ತದೆ ಎಂದಿತು. ವಿರೋಧಾಭಾಸದಂತೆ ಕಂಡರೂ ವಿವರಣೆ ನಮಗೆ ಈಗಾಗಲೇ ಪರಿಚಿತ: ಸತತ ಪ್ರಚೋದನೆಗೆ ರಿಸೆಪ್ಟರ್ ಕಮ್ಮಿಯಾಗುತ್ತದೆ. ಮತ್ತದೇ ಕಾಲಿಂಗ್ ಬೆಲ್.

ಆಶಾವಾದಿಗಳ ವಾದ ಹೀಗಿದೆ. ಕ್ಯಾನ್ಸರ್ ಮತ್ತು ಉರಿಯೂತ ಎರಡಕ್ಕೂ ಒಂದೇ ರಿಸೆಪ್ಟರ್ ಇಂಬು ಕೊಡುತ್ತಿದ್ದರೆ ಒಂದೇ ಔಷಧ ಎರಡಕ್ಕೂ ಆದೀತು, ಜಿಎನ್‌ಆರ್‌ಎಚ್ ಕೂಡ ಮೊದಲು ಹೀಗೇ ಅಲ್ಲವೇ ಇದ್ದದ್ದು. ಸಂಶಯಪಡುವವರು ಕೇಳುವುದು: ಹಾಗಿದ್ದರೆ ಇಷ್ಟು ದಶಕದಲ್ಲಿ ಒಂದಾದರೂ ಕ್ಯಾನ್ಸರ್ ಔಷಧವಾಗಿ ಒಪ್ಪಿಗೆ ಪಡೆಯಬೇಕಿತ್ತಲ್ಲ? ಪಡೆದಿಲ್ಲ. ಪ್ರಾಸ್ಟೇಟ್‌ನ ಹಾಗೆ ಒಂದೇ ಮೇವಿಗೆ ಜೋತುಬಿದ್ದ ಗಡ್ಡೆಗಳು ಅಪರೂಪ. ಉಳಿದವು ಒಂದು ದಾರಿ ಮುಚ್ಚಿದರೆ ಇನ್ನೊಂದು ಹಿಡಿಯುತ್ತವೆ. ಇನ್ನೂ ಮೂಲಭೂತವಾದ ತೊಡಕೊಂದಿದೆ. ಮಾನವ ಗಡ್ಡೆ ಬೆಳೆಸಲು ಬಳಸುವ ‘ಬತ್ತಲೆ ಇಲಿ’ಗಳಿಗೆ ಥೈಮಸ್ ಗ್ರಂಥಿಯೇ ಇಲ್ಲ, ಹಾಗಾಗಿ ರೋಗನಿರೋಧಕ ಟಿ-ಕೋಶಗಳ ಸೈನ್ಯವಿಲ್ಲ. ಕ್ಯಾನ್ಸರ್ ಮತ್ತು ಉರಿಯೂತದ ನಂಟನ್ನು ಅಂಥ ಪ್ರಾಣಿಯಲ್ಲಿ ನೋಡುವುದೆಂದರೆ ಅರ್ಧ ಪಾತ್ರಧಾರಿಗಳಿಲ್ಲದ ಬಯಲಾಟ ನೋಡಿದಂತೆ. ನನಗೆ ಎರಡನೆಯವರ ವಾದವೇ ಹೆಚ್ಚು ತೂಕದ್ದಾಗಿ ಕಾಣುತ್ತದೆ.

ಇಷ್ಟರ ನಡುವೆ ಜಿಮ್‌ಗಳ ಸುತ್ತ ‘ಪೆಪ್ಟೈಡ್’ ಹೆಸರಿನಲ್ಲಿ ಜಿಎಚ್‌ಆರ್‌ಎಚ್ ಮಾದರಿಯ ಸೀಸೆಗಳು ಆನ್‌ಲೈನ್‌ನಲ್ಲಿ ಓಡಾಡುತ್ತಿವೆ. ಸರ್ಮೊರೆಲಿನ್, ಸಿಜೆಸಿ-1295 ಎರಡೂ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿವೆ. ಪ್ರಯೋಗಾಲಯದವರು ಮುಚ್ಚಲು ಹೆಣಗುತ್ತಿರುವ ರಿಸೆಪ್ಟರನ್ನೇ ಇಲ್ಲಿ ದುಡ್ಡು ಕೊಟ್ಟು ಒತ್ತಿಸಿಕೊಳ್ಳುತ್ತಾರೆ.

ಆಸ್ಪತ್ರೆಯ ಚೀಟಿಯಲ್ಲಿ

ಬೆಂಗಳೂರಿನ ಗಂಡಸರಲ್ಲಿ ಮುಂಚೂಣಿಯಲ್ಲಿರುವ ಕ್ಯಾನ್ಸರ್‌ಗಳಲ್ಲಿ ಪ್ರಾಸ್ಟೇಟ್ ಕೂಡ ಒಂದು. ಹಬ್ಬಿದ ರೋಗಕ್ಕೆ ಇಲ್ಲಿನ ಕುಟುಂಬಗಳ ಮುಂದೆ ಬರುವ ಆಯ್ಕೆ ಹೊಸ ಮಾತ್ರೆಯೋ ಹಳೆ ಇಂಜೆಕ್ಷನ್ನೋ ಎಂಬುದಲ್ಲ. ವರ್ಷಗಟ್ಟಲೆ ಇಂಜೆಕ್ಷನ್ನೋ, ಒಂದೇ ಸಲದ ಶಸ್ತ್ರಕ್ರಿಯೆಯೋ ಎಂಬುದು. ವೃಷಣ ತೆಗೆಯುವ ಶಸ್ತ್ರಕ್ರಿಯೆ ಟೆಸ್ಟೊಸ್ಟಿರೋನ್ ಇಳಿಸುವುದರಲ್ಲಿ ಇಂಜೆಕ್ಷನ್‌ಗೆ ಸರಿಸಾಟಿ, ಆರಂಭದ ಏರಿಕೆಯಿಲ್ಲ, ಖರ್ಚು ಎಷ್ಟೋ ಕಡಿಮೆ. ಮರಳಿ ಬರಲಾಗದು ಎಂಬುದು ಮತ್ತು ಮನಸ್ಸಿಗಾಗುವ ಪೆಟ್ಟು ಇನ್ನೊಂದು ತಟ್ಟೆಯಲ್ಲಿರುತ್ತವೆ. ಶ್ರೀಮಂತ ದೇಶಗಳಲ್ಲಿ ಹೆಚ್ಚುಕಮ್ಮಿ ಮರೆಯಾಗಿರುವ ಹಗಿನ್ಸ್‌ನ ವಿಧಾನ ಇಲ್ಲಿ ಈಗಲೂ ಬಳಕೆಯಲ್ಲಿರುವುದಕ್ಕೆ ವೈದ್ಯರ ಹಳೆತನ ಕಾರಣವಲ್ಲ.

ಇಂಜೆಕ್ಷನ್ ಆರಿಸಿಕೊಂಡವರಿಗೆ ತಾರೀಖೇ ಮುಖ್ಯ. ಊರಲ್ಲಿ ಬಿತ್ತನೆ, ಮದುವೆ, ಬಸ್ಸಿಲ್ಲ ಎಂದು ಮೂರು ತಿಂಗಳ ಡೋಸ್ ಕೆಲವು ವಾರ ಮುಂದೆ ಹೋದರೆ ಬೆಲ್‌ನಿಂದ ಬೆರಳು ತೆಗೆದಂತೆ. ರಿಸೆಪ್ಟರ್‌ಗಳು ಮತ್ತೆ ಹೊರಮೈಗೆ ಬರುತ್ತವೆ, ಪಿಟ್ಯುಟರಿಗೆ ಮತ್ತೆ ಕಿವಿ ಕೇಳಿಸುತ್ತದೆ, ಟೆಸ್ಟೊಸ್ಟಿರೋನ್ ಮೇಲೇಳುತ್ತದೆ. ಆಗ ರಕ್ತದಲ್ಲಿ ಪ್ರಾಸ್ಟೇಟ್ ರೋಗದ ಸುಳಿವು ಕೊಡುವ ಪಿಎಸ್‌ಎ ಏರಿದರೆ ಔಷಧ ಸೋತಿತೋ ತಾರೀಖು ತಪ್ಪಿತೋ ತಿಳಿಯದು. ಪಿಎಸ್‌ಎ ಜೊತೆಗೆ ಟೆಸ್ಟೊಸ್ಟಿರೋನ್ ಪರೀಕ್ಷೆಯನ್ನೂ ಬರೆದುಕೊಡುವುದು ಅದಕ್ಕಾಗಿಯೇ. ಅದು ಡೆಸಿಲೀಟರ್‌ಗೆ 50 ನ್ಯಾನೊಗ್ರಾಂಗಿಂತ ಕೆಳಗಿದ್ದೂ ಪಿಎಸ್‌ಎ ಏರುತ್ತಿದ್ದರೆ ಮಾತ್ರ ಗಡ್ಡೆ ಬೇರೆ ದಾರಿ ಹಿಡಿದಿದೆ ಎಂದು ಮುಂದಿನ ಔಷಧದ ಮಾತು ತೆಗೆಯುತ್ತಾರೆ.